ಪಿಸ್ತೂಲಿಗೆ ಇನ್ನೇನು ಹಾಕಿಸಬೇಕು?

ಹೊಸ ಬೈಕು ಮನೆಗೆ ಬಂದ ಮರುದಿನವೇ ಕ್ರ್ಯಾಶ್ ಗಾರ್ಡು, ಸೀಟ್ ಕವರು, ಟ್ಯಾಂಕ್ ಕವರು ಅಂತ ಅಂಗಡಿ ಸುತ್ತುವುದು ನಮ್ಮ ಕಡೆ ರೂಢಿ. ತುಮಕೂರಿನಲ್ಲಿ ಮಕ್ಕಳಿಗೆ ಶೂಟಿಂಗ್ ಕ್ರೀಡೆಯ 10 ಮೀಟರ್ ಏರ್ ಪಿಸ್ತೂಲು ಕೊಡಿಸಿದ ಮನೆಗಳಲ್ಲೂ ಅದೇ ಮಾತು ಕೇಳಿಬರುತ್ತದೆ: “ಇದಕ್ಕೆ ಇನ್ನೇನು ಹಾಕಿಸಬೇಕು?” ಅಡಿಕೆ ಮಾರಿದ ದುಡ್ಡೋ, ಚೀಟಿ ಎತ್ತಿದ ದುಡ್ಡೋ ಒಟ್ಟು ಮಾಡಿ ಪಿಸ್ತೂಲು ತಂದಿರುತ್ತಾರೆ. ಮಗುವಿನ ಅಂಕ ಎರಡು ತಿಂಗಳಿಂದ ಅಲ್ಲೇ ನಿಂತಿರುತ್ತದೆ. ಫೋನು ತೆಗೆದರೆ ತೂಕದ ಬಿಲ್ಲೆ, ಬೆರಳು ತಾಗುವ ಟ್ರಿಗರ್ ಶೂ, ಬಣ್ಣದ ಫಿಲ್ಟರು, ಕಣ್ಣಿನ ಮುಂದೆ ಸಣ್ಣ ರಂಧ್ರ ಇಡುವ ಐರಿಸ್, ಹೊಡೆಯದ ಕಣ್ಣನ್ನು ಮರೆಮಾಡುವ ಬ್ಲೈಂಡರು ಒಂದರ ಹಿಂದೊಂದು ಬರುತ್ತವೆ. ಕೇಳುವುದು ತಪ್ಪಲ್ಲ. ಆದರೆ ಈ ಪ್ರಶ್ನೆ ಪಿಸ್ತೂಲಿನ ಕಡೆಯಿಂದ ಹೊರಡುತ್ತದೆ, ಕೈಯ ಕಡೆಯಿಂದ ಹೊರಡುವುದಿಲ್ಲ. ದುಡ್ಡು ಪೋಲಾಗುವುದು ಅಲ್ಲೇ.

2024ರ ಪ್ಯಾರಿಸ್ ಒಲಿಂಪಿಕ್ಸ್ ಆದಮೇಲೆ ಗೊಂದಲ ಇನ್ನೂ ಹೆಚ್ಚಿತು. ಎರಡು ಫೋಟೋ ಎಲ್ಲರ ಫೋನಿಗೂ ಬಂದವು. ಒಂದರಲ್ಲಿ ದಕ್ಷಿಣ ಕೊರಿಯಾದ ಕಿಮ್ ಯೆ-ಜಿ, ಕಣ್ಣಿಗೆ ಲೆನ್ಸು, ಐರಿಸ್, ಬ್ಲೈಂಡರು ಎಲ್ಲ ಕೂಡಿಸಿದ ಯಂತ್ರದಂಥ ಕನ್ನಡಕ. ಇನ್ನೊಂದರಲ್ಲಿ ಟರ್ಕಿಯ ಯೂಸುಫ್ ದಿಕೆಚ್, ಸಾಮಾನ್ಯ ಕನ್ನಡಕ, ಟೀ ಶರ್ಟು, ಎಡಗೈ ಜೇಬಿನಲ್ಲಿ. ಆಕೆಗೆ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ, ಈತನಿಗೆ ಅದೇ ದೂರದ ಮಿಶ್ರ ತಂಡದ ಸ್ಪರ್ಧೆಯಲ್ಲಿ ಬೆಳ್ಳಿ. ಒಬ್ಬ ಅಪ್ಪ ಮೊದಲ ಫೋಟೋ ತೋರಿಸಿ “ಇದೆಲ್ಲ ಬೇಕು” ಎಂದರೆ, ಇನ್ನೊಬ್ಬ ಎರಡನೆಯದನ್ನು ತೋರಿಸಿ “ಇದ್ಯಾವುದೂ ಬೇಡ” ಎನ್ನುತ್ತಾನೆ. ಇಬ್ಬರೂ ನೋಡುತ್ತಿರುವುದು ಮುಖವನ್ನು. ಆ ಎರಡೂ ಫೋಟೋಗಳಲ್ಲಿ ಕೈಯೊಳಗೆ ಇರುವುದು ಸ್ಪರ್ಧೆಗೆಂದೇ ಮಾಡಿದ ಪಿಸ್ತೂಲು, ಅಂಗೈಯ ಉಬ್ಬುತಗ್ಗಿಗೆ ತಕ್ಕಂತೆ ರೂಪಿಸಿದ ಹಿಡಿ. ಜೇಬಿನಲ್ಲಿದ್ದ ಕೈಯನ್ನು ಎಲ್ಲರೂ ಗಮನಿಸಿದರು. ಪಿಸ್ತೂಲು ಹಿಡಿದಿದ್ದ ಕೈಯನ್ನು ಅಷ್ಟು ಜನ ಗಮನಿಸಲಿಲ್ಲ.

ಎಸ್.ಎಸ್. ಪುರಂ ಕಡೆಯ ಒಂದು ಮನೆಯ ಮಹಡಿಯ ಹಾಲ್ ಕಣ್ಣ ಮುಂದೆ ಬರುತ್ತದೆ. ಗೋಡೆಯಿಂದ ಗೋಡೆಗೆ ಹತ್ತು ಮೀಟರಿಗೆ ಸ್ವಲ್ಪ ಹೆಚ್ಚು. ಗುರಿಪಟದ ಮಧ್ಯಬಿಂದು ನೆಲದಿಂದ 1.4 ಮೀಟರ್ ಎತ್ತರಕ್ಕೆ ಸರಿಯಾಗಿ ಕಟ್ಟಿದ್ದಾರೆ, ಹಿಂದೆ ಪೆಲೆಟ್ ಅನ್ನುವ ಸಣ್ಣ ಗುಂಡು ಹಿಡಿಯುವ ಕಬ್ಬಿಣದ ಡಬ್ಬಿ. ಹದಿಮೂರು ವರ್ಷದ ಹುಡುಗಿ. ಪಿಸ್ತೂಲು ಸೆಕೆಂಡ್ ಹ್ಯಾಂಡ್, ಹಿಡಿ ಮೀಡಿಯಂ ಅಳತೆಯದು, ಅವಳ ಕೈಗೆ ಸ್ಮಾಲ್ ಬೇಕಿತ್ತು. ಹಿಡಿ ಸಡಿಲ ಅನ್ನುವುದಕ್ಕೆ ಅಂಟುಪಟ್ಟಿ ಸುತ್ತಿದ್ದಾರೆ, ನಡುಗುತ್ತದೆ ಅನ್ನುವುದಕ್ಕೆ ನಳಿಗೆಯ ತುದಿಗೆ ತೂಕ ಹಾಕಿದ್ದಾರೆ, ಗುರಿ ಮಬ್ಬು ಅನ್ನುವುದಕ್ಕೆ ಕನ್ನಡಕಕ್ಕೆ ಐರಿಸ್ ಸಿಕ್ಕಿಸಿದ್ದಾರೆ. ಕೆಳಗಿನ ಅಂಗಡಿಯ ಕೊಬ್ಬರಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತಂದು ಪಿಸ್ತೂಲು ಇಟ್ಟರೆ 1,130 ಗ್ರಾಂ. ನಿಯಮದ ಮಿತಿ 1,500 ಗ್ರಾಂ, ಹಾಗಾಗಿ ತಪ್ಪೇನಿಲ್ಲ. ಆದರೆ ನಲವತ್ತನೇ ಗುಂಡಿನ ಹೊತ್ತಿಗೆ ಅವಳ ಭುಜ ಕಿವಿಯ ಕಡೆಗೆ ಏರಿರುತ್ತಿತ್ತು. ಮೂರು ತೊಂದರೆಗೆ ಮೂರು ವಸ್ತು ಕೊಂಡಿದ್ದರು. ಮೂರೂ ಹುಟ್ಟಿದ್ದು ಎರಡೇ ಕಾರಣಕ್ಕೆ: ಹಿಡಿ ಕೈಗೆ ಕೂತಿರಲಿಲ್ಲ, ಹಾಲಿನಲ್ಲಿ ಬೆಳಕು ಸಾಲದಾಗಿತ್ತು.

ಕಣ್ಣು ಮುಚ್ಚಿ ಎತ್ತುವ ಪರೀಕ್ಷೆ

ಏನನ್ನಾದರೂ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಪೆಲೆಟ್ ಇಲ್ಲದೆ, ಎಂದಿನ ನಿಲುವಿನಲ್ಲಿ ನಿಂತು ಗುರಿ ಹಿಡಿಯಬೇಕು. ಕಣ್ಣು ಮುಚ್ಚಿ ಕೈ ಇಳಿಸಿ, ಮುಚ್ಚಿದ ಕಣ್ಣಿನಲ್ಲೇ ಮತ್ತೆ ಎತ್ತಿ, ಕೈ ನೆಲೆಗೊಂಡ ಮೇಲೆ ಕಣ್ಣು ಬಿಡಬೇಕು. ಸೈಟುಗಳು (ನಳಿಗೆಯ ತುದಿಯಲ್ಲಿ ಫ್ರಂಟ್ ಸೈಟೆಂಬ ಗೂಟ, ಹಿಂದೆ ರಿಯರ್ ಸೈಟೆಂಬ ಕಚ್ಚಿರುವ ಪಟ್ಟಿ) ಇರುವ ಜಾಗ ನೋಡಿ ಬರೆದಿಟ್ಟುಕೊಳ್ಳಬೇಕು. ಹೀಗೆ ಹತ್ತು ಸಲ. ಫ್ರಂಟ್ ಸೈಟು ರಿಯರ್ ಸೈಟಿನ ಕಚ್ಚಿನ ಮಧ್ಯಕ್ಕೇ ಬಂದಿದ್ದು, ಎರಡೂ ಸೇರಿ ಗುರಿಪಟದ ಪಕ್ಕಕ್ಕೆ ನೋಡುತ್ತಿದ್ದರೆ ತಪ್ಪು ಪಾದದ್ದು. ಹಿಂದಿನ ಕಾಲನ್ನು ಒಂದೆರಡು ಬೆರಳಗಲ ಸರಿಸಿದರೆ ಸಾಕು. ಫ್ರಂಟ್ ಸೈಟು ಕಚ್ಚಿನೊಳಗೇ ಒಂದು ಪಕ್ಕಕ್ಕೆ ಒತ್ತಿದ್ದರೆ, ಅಥವಾ ಕಚ್ಚಿನ ಅಂಚಿಗಿಂತ ಮೇಲೋ ಕೆಳಗೋ ಇದ್ದರೆ, ಅದು ಹಿಡಿಯ ತಪ್ಪು. ಹತ್ತರಲ್ಲಿ ಏಳೆಂಟು ಸಲ ಒಂದೇ ಕಡೆಗೆ ಬಂದರೆ ಅದನ್ನು ಮಗುವಿನ ಗಮನದ ಕೊರತೆ ಅನ್ನಬಾರದು. ಮಗು ಪ್ರತಿ ಸಲವೂ ಮಣಿಕಟ್ಟು ತಿರುಗಿಸಿ ಆ ತಪ್ಪನ್ನು ತಿದ್ದಿಕೊಂಡೇ ಹೊಡೆಯುತ್ತಿದೆ, ಮಣಿಕಟ್ಟು ದಣಿದಾಗ ಪೆಲೆಟ್ ಆ ಕಡೆಗೇ ಹೋಗುತ್ತದೆ.

ಇದು ಎಷ್ಟು ದೊಡ್ಡ ತಪ್ಪು ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು. ಎರಡು ಸೈಟುಗಳ ನಡುವಿನ ಅಂತರ ಸುಮಾರು 34 ಸೆಂಟಿಮೀಟರ್ ಅಂದುಕೊಳ್ಳಿ. ಗುರಿ 10 ಮೀಟರ್ ದೂರ. ಫ್ರಂಟ್ ಸೈಟು ಕಚ್ಚಿನೊಳಗೆ ಒಂದು ಮಿಲಿಮೀಟರ್ ಸರಿದರೆ ಗುರಿಪಟದಲ್ಲಿ ಅದು ಸುಮಾರು 30 ಮಿಲಿಮೀಟರ್ ಆಗುತ್ತದೆ. ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಪೆಲೆಟ್ಟಿನದು 4.5. ಪೆಲೆಟ್ಟಿನ ಅಂಚು ಗೆರೆ ಮುಟ್ಟಿದರೆ ಅಂಕ ಸಿಗುವುದರಿಂದ ಅದರ ಮಧ್ಯ 8 ಮಿಲಿಮೀಟರಿನೊಳಗಿದ್ದರೆ 10, 16ರೊಳಗೆ 9, 24ರೊಳಗೆ 8. ಅಂದರೆ ಆ ಒಂದು ಮಿಲಿಮೀಟರು ಹತ್ತನ್ನು ಏಳು ಮಾಡುತ್ತದೆ. ಇದಕ್ಕೆ ಹೋಲಿಸಿದರೆ ಇಡೀ ಕೈ ಒಟ್ಟಾಗಿ 10 ಮಿಲಿಮೀಟರ್ ತೇಲಿದರೆ ಪೆಲೆಟ್ ಸರಿಯುವುದು ಅದೇ 10 ಮಿಲಿಮೀಟರ್, ಹೋಗುವುದು ಒಂದೇ ಅಂಕ. ಮನೆಯವರಿಗೆ ಕಾಣುವುದು ಕೈಯ ನಡುಕ, ಅದಕ್ಕೇ ತೂಕ ತರುತ್ತಾರೆ. ಅಂಕ ತಿನ್ನುತ್ತಿರುವುದು ಮಾತ್ರ ಕಣ್ಣಿಗೆ ಕಾಣದ ಮಣಿಕಟ್ಟಿನ ತಿರುವು.

ಹಿಡಿ: ದುಡ್ಡು ಹಾಕುವುದಿದ್ದರೆ ಇಲ್ಲಿ

ಸ್ಪರ್ಧೆಯ ಪಿಸ್ತೂಲುಗಳ ಹಿಡಿ ಸ್ಮಾಲ್, ಮೀಡಿಯಂ, ಲಾರ್ಜ್ ಅಳತೆಗಳಲ್ಲಿ, ಬಲಗೈಗೆ ಬೇರೆ ಎಡಗೈಗೆ ಬೇರೆ ಆಗಿ ಬರುತ್ತದೆ. ಸೆಕೆಂಡ್ ಹ್ಯಾಂಡ್ ತರುವವರು ಗುಂಡು ಹಾರುತ್ತದೆಯೇ, ಗಾಳಿ ನಿಲ್ಲುತ್ತದೆಯೇ ಎಂದು ನೋಡಿ ತರುತ್ತಾರೆ, ಹಿಡಿಯ ಅಳತೆ ಕೇಳುವುದಿಲ್ಲ. ಒಂದು ಅಳತೆಯಷ್ಟು ದೊಡ್ಡದಿದ್ದರೆ ಪುಟ್ಟಿ ಮೆತ್ತಿ ಸರಿಮಾಡಬಹುದು. ಎರಡು ಅಳತೆ ದೊಡ್ಡದಿದ್ದರೆ ಬೆರಳು ಟ್ರಿಗರನ್ನು ಮುಟ್ಟುವುದೇ ತುದಿಯಿಂದ, ಅಲ್ಲಿ ಹೊಸ ಹಿಡಿಯನ್ನೇ ತರಿಸಬೇಕು. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಯೋಚನೆ ಮಾಡದೆ ದುಡ್ಡು ಕೊಡಬಹುದಾದ ವಸ್ತು ಇದೊಂದೇ.

ಅಳತೆ ಹತ್ತಿರವಿದ್ದರೆ ಮೊದಲು ಹಿಡಿಯೊಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ನೋಡಬೇಕು. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಹಲವಕ್ಕೆ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸುವ, ಓರೆ ಮಾಡುವ ಅವಕಾಶ ಇರುತ್ತದೆ. ಕಾಲು ಸುತ್ತು ತಿರುಗಿಸಿ ಮತ್ತೆ ಕಣ್ಣು ಮುಚ್ಚಿ ಹತ್ತು ಸಲ ಎತ್ತಬೇಕು. ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಪುಟ್ಟಿ. ಅಂಗೈಗೆ ಬಣ್ಣದ ಸೀಮೆಸುಣ್ಣ ಉಜ್ಜಿ, ಎಂದಿನಷ್ಟೇ ಬಿಗಿಯಾಗಿ ಹಿಡಿದು ಬಿಟ್ಟರೆ ಹಿಡಿಯ ಮೇಲೆ ಎಲ್ಲೆಲ್ಲಿ ಕೈ ಮುಟ್ಟುತ್ತಿದೆ, ಎಲ್ಲಿ ಟೊಳ್ಳಿದೆ ಎಂದು ಬಣ್ಣವೇ ಹೇಳುತ್ತದೆ. ಸಾಮಾನ್ಯವಾಗಿ ಟೊಳ್ಳು ಸಿಗುವುದು ಅಂಗೈಯ ನಡುವಿನ ಕುಳಿಯಲ್ಲಿ ಮತ್ತು ಹೆಬ್ಬೆರಳ ಬುಡದ ಹಿಂದೆ. ಮೆತ್ತಬೇಕಾದದ್ದು ಅಷ್ಟಕ್ಕೇ.

ಹಿಡಿಯನ್ನು ಪಿಸ್ತೂಲಿನಿಂದ ಬಿಚ್ಚಿ, ಮೆತ್ತುವ ಜಾಗವನ್ನು 80 ನಂಬರಿನ ಉಪ್ಪುಕಾಗದದಿಂದ ಒರಟು ಮಾಡಿ, ಎಣ್ಣೆ ಜಿಡ್ಡು ಉಳಿಯದಂತೆ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಸಾಕು. ಎರಡು ಭಾಗ ಸಮನಾಗಿ ತೆಗೆದು, ಬಣ್ಣ ಒಂದೇ ಆಗುವವರೆಗೆ ಚಪಾತಿ ಹಿಟ್ಟಿನಂತೆ ನಾದಿ, ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಮೆತ್ತಬೇಕು, ಅದಕ್ಕಿಂತ ಹೆಚ್ಚು ಬೇಡ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಿಡಿಯನ್ನು ಪಿಸ್ತೂಲಿಗೆ ಕೂಡಿಸಿ, ತೋಳು ಚಾಚಿ ನಿಜವಾಗಿ ಗುರಿ ಹಿಡಿಯುವ ಹಾಗೆಯೇ ಹಿಡಿಯಬೇಕು. ಹೆಚ್ಚಿನವರು ತಪ್ಪುವುದು ಈ ಹೊತ್ತಿನಲ್ಲಿ. ಕುರ್ಚಿಯಲ್ಲಿ ಕೂತು, ಮೊಣಕೈ ಮಡಿಸಿ, ಅಚ್ಚು ಚೆನ್ನಾಗಿ ಬೀಳಲಿ ಎಂದು ಗಟ್ಟಿಯಾಗಿ ಹಿಂಡಿಬಿಡುತ್ತಾರೆ. ಮೊಣಕೈ ಮಡಿಸಿದಾಗ ಅಂಗೈಯ ಆಕಾರವೇ ಬೇರೆ. ಗಟ್ಟಿಯಾಗಿ ಹಿಂಡಿದ ಅಚ್ಚಿನೊಳಗೆ ಎಂದಿನ ಹಿಡಿತ ಸಡಿಲವಾಗುತ್ತದೆ, ಆಮೇಲೆ ಮಗು ಆ ಅಚ್ಚು ತುಂಬಲೆಂದೇ ಪ್ರತಿ ಗುಂಡಿಗೂ ಹಿಂಡತೊಡಗುತ್ತದೆ. ಇನ್ನೊಂದು ಮಾತು: ಬೆಳಿಗ್ಗೆ ಎದ್ದ ಕೂಡಲೇ ಈ ಕೆಲಸ ಮಾಡಬಾರದು. ಇಪ್ಪತ್ತು ಗುಂಡು ಹೊಡೆದು ಕೈ ಬೆಚ್ಚಗಾದ ಮೇಲೆ ಅಂಗೈ ಸ್ವಲ್ಪ ಉಬ್ಬುತ್ತದೆ, ಸ್ಪರ್ಧೆಯಲ್ಲಿ ಇರುವುದು ಆ ಕೈ. ಒಂದು ರಾತ್ರಿ ಒಣಗಲು ಬಿಟ್ಟು, 120, ಆಮೇಲೆ 220 ನಂಬರಿನ ಕಾಗದದಲ್ಲಿ ಅಂಚುಗಳನ್ನು ಇಳಿಸಬೇಕು. ನಡುವಿನ ಅಚ್ಚನ್ನು ಉಜ್ಜಬಾರದು.

ತೋರುಬೆರಳಿನ ಪಕ್ಕಕ್ಕೆ ಮಾತ್ರ ಪುಟ್ಟಿ ಹೋಗಲೇಬಾರದು. ಟ್ರಿಗರ್ ಎಳೆಯುವ ಬೆರಳು ಮೊದಲ ಗೆಣ್ಣಿನ ಮುಂದಿನ ಮೆತ್ತೆಯಿಂದಲ್ಲದೆ ಬೇರೆಲ್ಲೂ ಪಿಸ್ತೂಲನ್ನು ಮುಟ್ಟಬಾರದು. ಬೆರಳಿನ ಬುಡ ಮರಕ್ಕೆ ತಾಗಿದರೆ ಎಳೆಯುವಾಗ ಇಡೀ ಪಿಸ್ತೂಲನ್ನು ಪಕ್ಕಕ್ಕೆ ತಳ್ಳುತ್ತದೆ. ಅಲ್ಲಿ ಒಂದು ಪೋಸ್ಟ್‌ಕಾರ್ಡು ಆಡುವಷ್ಟು ಸಂದಿ ಇರಬೇಕು. ಮರ ಕೆತ್ತಲೇಬೇಕಾದ ಜಾಗ ಇದೊಂದು.

ಗುಬ್ಬಿ ರಸ್ತೆಯ ಒಬ್ಬ ಬಡಗಿಯ ಹತ್ತಿರ ಹುಡುಗರು ಇದಕ್ಕಾಗಿ ಹಿಡಿ ತೆಗೆದುಕೊಂಡು ಹೋಗುವುದುಂಟು. ಬಾಗಿಲು ಕಿಟಕಿ ಮಾಡುವ ಮನುಷ್ಯ, ಪಿಸ್ತೂಲು ಹಿಡಿದವರಲ್ಲ. ಆದರೆ ಹುಡುಗನ ಕೈಯನ್ನು ತನ್ನ ಕೈಮೇಲೆ ಇಟ್ಟುಕೊಂಡು, ಬೆರಳಿನಿಂದ ಒತ್ತಿ ಒತ್ತಿ “ಇಲ್ಲಿ ನೋಯ್ತದಾ, ಇಲ್ಲಿ?” ಎಂದು ಕೇಳಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಅರ ತೆಗೆದು ನಾಲ್ಕು ಎಳೆತ ಎಳೆದು, ಮತ್ತೆ ಹಿಡಿಸಿ ನೋಡುತ್ತಾರೆ. ಒಂದೇ ಸಲಕ್ಕೆ ಕೆತ್ತುವುದಿಲ್ಲ. ಉಳಿಯ ಬದಲು ಅರ ಹಿಡಿಯುವುದೇಕೆಂದರೆ, ಅವರೇ ಹೇಳುವಂತೆ, ಗುದ್ದಲಿ ಕಾವಿಗೂ ಅಷ್ಟೆ, ತೆಗೆದ ಮರ ಮತ್ತೆ ಅಂಟುವುದಿಲ್ಲ. ಬೆಳೆಯುವ ಮಕ್ಕಳ ವಿಷಯದಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಕೈ ವರ್ಷಕ್ಕೆ ವರ್ಷಕ್ಕೆ ದೊಡ್ಡದಾಗುತ್ತದೆ. ಮೆತ್ತಿದ ಪುಟ್ಟಿಯನ್ನು ಮುಂದಿನ ವರ್ಷ ಉಜ್ಜಿ ತೆಗೆಯಬಹುದು, ಕೆತ್ತಿ ಕಳೆದ ಮರ ಕಳೆದಂತೆಯೇ.

ಅಂಟುಪಟ್ಟಿ, ಟೆನಿಸ್ ರ‍್ಯಾಕೆಟ್ಟಿನ ಸುತ್ತುಪಟ್ಟಿ ಇವಕ್ಕೆ ನನ್ನ ಒಪ್ಪಿಗೆ ಇಲ್ಲ. ಅವು ಸಡಿಲನ್ನು ಮುಚ್ಚುತ್ತವೆಯೇ ಹೊರತು ತುಂಬುವುದಿಲ್ಲ. ಕೈ ಜಾರದಿರುವುದರಿಂದ ಹಿಡಿ ಸರಿಯಾಗಿದೆ ಅನ್ನಿಸುತ್ತದೆ, ಆದರೆ ಪ್ರತಿ ಸಲ ಕೈ ಬೇರೆ ಜಾಗದಲ್ಲಿ ಅಂಟಿ ಕೂರುತ್ತದೆ. ಏಪ್ರಿಲ್ ತಿಂಗಳ ಬೆವರಿಗೆ ಒಂದು ಹತ್ತಿ ಬಟ್ಟೆ ಪಕ್ಕದಲ್ಲಿಟ್ಟುಕೊಂಡರೆ ಆಯಿತು.

ತಪಾಸಣೆ ಮೇಜಿನಲ್ಲಿ

ಸ್ಪರ್ಧೆಗೆ ಮುಂಚೆ ಪಿಸ್ತೂಲನ್ನು 420 × 200 × 50 ಮಿಲಿಮೀಟರಿನ ಪೆಟ್ಟಿಗೆಯಲ್ಲಿ ಇಟ್ಟು ನೋಡುತ್ತಾರೆ. ದಪ್ಪಗೆ ಪುಟ್ಟಿ ಮೆತ್ತಿದ ಹಿಡಿ ಸಿಕ್ಕಿಕೊಳ್ಳುವುದು ಆ 50 ಮಿಲಿಮೀಟರಿನಲ್ಲಿ. ಅದಕ್ಕಿಂತ ಹೆಚ್ಚಾಗಿ ಮಕ್ಕಳು ಬೀಳುವುದು ಆಕಾರದ ನಿಯಮದಲ್ಲಿ: ಅಂಗೈಯ ಕೆಳಗಿನ ಆಸರೆ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರಬಾರದು, ಅದರ ಅಂಚು ಮೇಲಕ್ಕೆ ಬಾಗಿ ಕೈಯನ್ನು ತಬ್ಬಬಾರದು. ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಏಳಬೇಕು, ಮಣಿಕಟ್ಟು ಪೂರ್ತಿ ಬಿಡುವಾಗಿ ಕಾಣಬೇಕು. ಬೆಂಗಳೂರಿನ ಒಂದು ಸ್ಪರ್ಧೆಯಲ್ಲಿ ನಮ್ಮ ಕಡೆಯ ಹುಡುಗನೊಬ್ಬನ ಹಿಡಿ ತಪಾಸಣೆಯಲ್ಲಿ ನಿಂತುಹೋಯಿತು. ಪುಟ್ಟಿ ಮೆತ್ತುವಾಗ ಕೈಯ ಒತ್ತಡಕ್ಕೆ ಕೆಳಗಿನ ಆಸರೆಯ ಅಂಚಿನಲ್ಲಿ ಪುಟ್ಟಿ ಉಕ್ಕಿ ಮೇಲಕ್ಕೆ ಬಾಗಿತ್ತು. ಕೈಗೆ ಹಾಯಾಗಿದೆ ಎಂದು ಮನೆಯಲ್ಲಿ ಹಾಗೇ ಬಿಟ್ಟಿದ್ದರು. ತುಮಕೂರಿನಿಂದ 70 ಕಿಲೋಮೀಟರ್, ಬೆಳಗಿನ ಜಾವದ ಬಸ್ಸು ಹತ್ತಿ ಬಂದ ಹುಡುಗ ನಲ್ಲಿಯ ಪಕ್ಕ ಕೂತು, ಯಾರೋ ಕೊಟ್ಟ ಅರದಿಂದ ಆ ಅಂಚನ್ನು ಉಜ್ಜಿದ. ಎರಡನೇ ಸಲ ಪಾಸಾಯಿತು. ಆದರೆ ಅಂಚು ಹೋದಮೇಲೆ ಅಂಗೈ ಕೂರುವ ಜಾಗವೇ ಬದಲಾಯಿತು, ಅವತ್ತಿಗೆ ಅವನ ಕೈಯಲ್ಲಿದ್ದದ್ದು ಗುರುತಿಲ್ಲದ ಪಿಸ್ತೂಲು. ಮನೆಯಲ್ಲೇ ಆಸರೆಯ ಮೇಲೆ ಒಂದು ಸ್ಕೇಲು ಅಡ್ಡ ಇಟ್ಟು ನೋಡಿದ್ದರೆ ಐದು ನಿಮಿಷದ ಕೆಲಸ.

ಅದೇ ಮೇಜಿನಲ್ಲಿ ಟ್ರಿಗರಿನ ಪರೀಕ್ಷೆಯೂ ಇದೆ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಹೊರಬೇಕು, ನಳಿಗೆ ಲಂಬವಾಗಿ ಹಿಡಿದು ತೂಕವನ್ನು ಎತ್ತಿ ತೋರಿಸಬೇಕು. ಮೂರು ಅವಕಾಶ. ಸರಿಯಾಗಿ 500ಕ್ಕೆ ಹೊಂದಿಸಿದ ಟ್ರಿಗರ್ ಮನೆಯಲ್ಲಿ ಎತ್ತುತ್ತದೆ, ಅಲ್ಲಿ ಎತ್ತುವುದಿಲ್ಲ. 515, 520ಕ್ಕೆ ಇಟ್ಟರೆ ಬೆರಳಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲ. ತೂಕದ ಬಿಲ್ಲೆ ಕೊಳ್ಳಬೇಕಿಲ್ಲ: ಒಂದು ಬಾಟಲಿಗೆ ತಂತಿಯ ಕೊಕ್ಕೆ ಕಟ್ಟಿ, ಬಾಟಲಿ, ಕೊಕ್ಕೆ, ನೀರು ಎಲ್ಲ ಸೇರಿ 515 ಗ್ರಾಂ ಆಗುವಂತೆ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಆಯಿತು. ಟ್ರಿಗರ್ ಶೂ, ಅಂದರೆ ಬೆರಳು ತಾಗುವ ತುಂಡನ್ನು, ಹಿಂದೆ ಮುಂದೆ ಸರಿಸುವ ಅನುಕೂಲ ಪಿಸ್ತೂಲಿನಲ್ಲೇ ಇರುತ್ತದೆ. ಬೇರೆ ಶೂ ಕೊಂಡದ್ದರಿಂದ ಅಂಕ ಏರಿದ ಮಗುವನ್ನು ನಾನಂತೂ ಕಂಡಿಲ್ಲ.

ಪಿಸ್ತೂಲು ಖಾಲಿ ಇದೆ ಎಂದು ತೋರಿಸುವ ಸುರಕ್ಷತೆಯ ಬಾವುಟ ಮಾತ್ರ ಬೇಕೇ ಬೇಕು. ಏರ್ ಪಿಸ್ತೂಲಿಗೆ ಅದು ನಳಿಗೆಯ ಪೂರ್ತಿ ಉದ್ದಕ್ಕೆ ಹಾದುಹೋಗುವಂತಿರಬೇಕು, ಕಣ್ಣಿಗೆ ಹೊಡೆಯುವ ಬಣ್ಣದ್ದಾಗಿರಬೇಕು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ಕಿತ್ತಳೆ ಬಣ್ಣದ ನೈಲಾನ್ ದಾರ ಒಂದೂವರೆ ಅಡಿ ಇದ್ದರೆ ಸಾಕು. ನಳಿಗೆಗಿಂತ ತೆಳುವಾದದ್ದು ನೋಡಿ ತರಬೇಕು. ಪರವಾನಗಿ ಬೇಡದ ಪಿಸ್ತೂಲು ಅನ್ನುವ ಕಾರಣಕ್ಕೆ ಮನೆಯಲ್ಲಿ ಇದನ್ನು ಆಟಿಕೆಯಂತೆ ಬಿಡುವವರನ್ನು ಕಂಡರೆ ಭಯವಾಗುತ್ತದೆ. ಹತ್ತು ಮೀಟರಿನಾಚೆಯೂ ಅದು ಕಣ್ಣು ತೆಗೆಯಬಲ್ಲದು. ಬಾವುಟ ಹಾಕಿ, ಪೆಟ್ಟಿಗೆಗೆ ಬೀಗ ಹಾಕಿ, ಪೆಲೆಟ್ಟನ್ನು ಬೇರೆ ಕಪಾಟಿನಲ್ಲಿ ಇಡಬೇಕು.

ತೂಕ, ಸೈಟು, ಕಣ್ಣು

ನಳಿಗೆಯ ತುದಿಯ ತೂಕ ದೊಡ್ಡವರಿಗೆ, ಪಳಗಿದ ಭುಜದವರಿಗೆ ಕೆಲಸಕ್ಕೆ ಬರುತ್ತದೆ. ಟ್ರಿಗರ್ ಬಿಡುವ ಕ್ಷಣದಲ್ಲಿ ತುದಿ ನಿಧಾನವಾಗಿ ಆಡುತ್ತದೆ. ಮಕ್ಕಳಿಗೆ ಬೇಡ. ತುದಿಯಲ್ಲಿಟ್ಟ 30 ಗ್ರಾಂ ಭುಜದಿಂದ ಹೆಚ್ಚು ದೂರ ಇರುವುದರಿಂದ ಹಿಡಿಯ ಹತ್ತಿರದ 30 ಗ್ರಾಂಗಿಂತ ಹೆಚ್ಚು ಭಾರ. 60 ಗುಂಡು, ಅದಕ್ಕೂ ಮುಂಚಿನ ಅಭ್ಯಾಸದ ಗುಂಡು, ಎತ್ತಿ ಹೊಡೆಯದೆ ಇಳಿಸಿದ್ದು ಎಲ್ಲ ಸೇರಿ ನೂರರ ಹತ್ತಿರ ಸಲ ಎತ್ತಬೇಕು. ಎಸ್.ಎಸ್. ಪುರಂನ ಆ ಹುಡುಗಿಯ ಪಿಸ್ತೂಲಿನಿಂದ ಮೊದಲು ಬಿಚ್ಚಿದ್ದು ಆ ತೂಕವನ್ನೇ.

ಸೈಟಿನಲ್ಲಿ ಕೊಳ್ಳುವುದಕ್ಕಿಂತ ತಿರುಗಿಸುವುದೇ ಹೆಚ್ಚು. ಕೈ ಗಿಡ್ಡವಿರುವ ಮಕ್ಕಳಿಗೆ ರಿಯರ್ ಸೈಟು ಕಣ್ಣಿಗೆ ಹತ್ತಿರವಾಗಿ ಕಚ್ಚು ಅಗಲ ಕಾಣುತ್ತದೆ, ಎರಡು ಪಕ್ಕದ ಬೆಳಕಿನ ಪಟ್ಟಿ ದಪ್ಪವಾಗುತ್ತದೆ, ಫ್ರಂಟ್ ಸೈಟು ಮಧ್ಯದಲ್ಲಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕಚ್ಚಿನ ಅಗಲ ತಿದ್ದುವ ಸ್ಕ್ರೂ ಇದ್ದರೆ ಪ್ರತಿ ಪಕ್ಕದ ಬೆಳಕು ಫ್ರಂಟ್ ಸೈಟಿನ ಅಗಲದ ಮೂರನೇ ಒಂದರಿಂದ ಅರ್ಧದಷ್ಟಾಗುವವರೆಗೆ ಕಿರಿದು ಮಾಡಬೇಕು. ಸ್ಕ್ರೂ ಇಲ್ಲದ ಪಿಸ್ತೂಲಿಗೆ ಅಗಲವಾದ ಫ್ರಂಟ್ ಸೈಟು ತರಿಸುವುದು ಸಾರ್ಥಕ ಖರ್ಚು.

ಹೊಡೆಯದ ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ಮುಖದ ಸ್ನಾಯುವೆಲ್ಲ ದಣಿಯುತ್ತದೆ, ಅದಕ್ಕಾಗಿ ಬ್ಲೈಂಡರು. 30 ಮಿಲಿಮೀಟರಿಗಿಂತ ಅಗಲ ಇರುವಂತಿಲ್ಲ. ಬೆಳಕು ತೂರುವ ಬಿಳಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಿಂದ ಕತ್ತರಿಸಿ ಮಾಡಿದರೆ ಸಾಕು. ಕಪ್ಪು ಬೇಡ. ಒಂದು ಕಣ್ಣಿಗೆ ಕತ್ತಲಾದರೆ ಇನ್ನೊಂದರ ಪಾಪೆಯೂ ಹಿಗ್ಗುತ್ತದೆ. ಐರಿಸ್ ಪಾಪೆಯ ಮುಂದೆ ಸಣ್ಣ ರಂಧ್ರ ಇಟ್ಟು ಸೈಟನ್ನು ಚೂಪು ಮಾಡುತ್ತದೆ ನಿಜ, ಆದರೆ ಬೆಳಕು ನುಂಗುತ್ತದೆ. ಸ್ಪರ್ಧೆಯ ಹಾಲಿನಲ್ಲಿ ಗುರಿಪಟದ ಮೇಲೆ ಕನಿಷ್ಠ 1,500 ಲಕ್ಸ್ ಬೆಳಕು ಇರುತ್ತದೆ. ಮನೆಯ ಟ್ಯೂಬ್‌ಲೈಟ್ ಹಾಲಿನಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಐರಿಸ್‌ಗೆ ಕೊಡುವ ದುಡ್ಡಿನಲ್ಲಿ ಗುರಿಪಟದ ಎರಡು ಪಕ್ಕ ಎಲ್‌ಇಡಿ ದೀಪ ಕಟ್ಟಿಸಿ, ಕಣ್ಣಿಗೆ ನೇರ ಹೊಡೆಯದಂತೆ ಮರೆ ಮಾಡಬೇಕು. ಆಮೇಲೂ ಮಬ್ಬಾಗಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಏನೇ ಸೇರಿಸಿದರೂ ಒಂದು ಸಲಕ್ಕೆ ಒಂದೇ, ಮತ್ತು ಅದಕ್ಕೆ ಮುಂಚಿನ ಆರು, ಆಮೇಲಿನ ಆರು ಪೂರ್ತಿ ಸುತ್ತಿನ ಅಂಕ ಪುಸ್ತಕದಲ್ಲಿ ಇರಬೇಕು. ಏನನ್ನೂ ಬದಲಿಸದೆಯೇ ಒಂದು ದಿನ 600ಕ್ಕೆ 545, ಇನ್ನೊಂದು ದಿನ 537 ಹೊಡೆಯುವ ಮಗು ಹೊಸ ಟ್ರಿಗರ್ ಶೂ ಹಾಕಿದ ದಿನ 544 ಹೊಡೆದರೆ ಅದರಿಂದ ಏನೂ ತಿಳಿಯುವುದಿಲ್ಲ.

ಗಾಳಿ

ಯಾರೂ ಕೇಳದ, ಆದರೆ ಪಿಸ್ತೂಲಿನ ಆಯಸ್ಸು ನಿಂತಿರುವ ಜಾಗ ಇದು. ಪೆಲೆಟ್ಟನ್ನು ತಳ್ಳುವ ಗಾಳಿ ಪಿಸ್ತೂಲಿನ ಸಿಲಿಂಡರಿನಲ್ಲಿರುತ್ತದೆ. ಅದಕ್ಕೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬುವ ಕೈಪಂಪು ನಮ್ಮ ಕಡೆ ಹೆಚ್ಚು. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವದ ಗಾಳಿಯನ್ನು ಅಷ್ಟು ಒತ್ತಿದರೆ ಅದರ ನೀರು ಸಿಲಿಂಡರಿನೊಳಗೆ ಇಳಿಯುತ್ತದೆ, ಅಲ್ಲಿಂದ ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಬಿಡುವ ರೆಗ್ಯುಲೇಟರಿಗೆ. ಆಗ ಪೆಲೆಟ್ ಒಂದು ಮೇಲೆ ಒಂದು ಕೆಳಗೆ ಬೀಳತೊಡಗುತ್ತದೆ, ಮನೆಯವರು ಮಗುವಿನ ಉಸಿರಾಟ ಸರಿಯಿಲ್ಲ ಅನ್ನುತ್ತಾರೆ. ಪಂಪಿಗೆ ಸಿಲಿಕಾ ಜೆಲ್ ತುಂಬಿದ ಫಿಲ್ಟರು ಹಾಕಿಸುವುದು ಯಾವ ತೂಕಕ್ಕಿಂತಲೂ, ಯಾವ ಐರಿಸ್‌ಗಿಂತಲೂ ಮೊದಲು ಆಗಬೇಕು. ಐವತ್ತು ಸಲ ಒತ್ತಿ, ಪಂಪು ಆರಲು ಬಿಟ್ಟು, ಸೇರಿದ ನೀರನ್ನು ಬಿಡುಗಡೆಯ ತಿರುಪಿನಿಂದ ಹೊರಬಿಟ್ಟು ಮುಂದುವರಿಯಬೇಕು. ಸೀಲಿನ ರಬ್ಬರ್ ಉಂಗುರಗಳಿಗೆ ಸಿಲಿಕೋನ್ ಗ್ರೀಸು, ಅದೂ ತೋರುಬೆರಳಿಗೆ ತಾಗುವಷ್ಟು. ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದನ್ನೂ ಮುಟ್ಟಿಸಬಾರದು. ಗಾಳಿಯನ್ನು ಅಷ್ಟು ಒತ್ತಡಕ್ಕೆ ತಟ್ಟನೆ ಒತ್ತಿದಾಗ ಹುಟ್ಟುವ ಕಾವಿಗೆ ಎಣ್ಣೆ ಹೊತ್ತಿಕೊಳ್ಳಬಹುದು, ಅದು ಸಿಲಿಂಡರ್ ಒಡೆಯುವ ಅಪಾಯ. ಸಿಲಿಂಡರಿನ ಮೇಲೆ ಒತ್ತಿರುವ ತಾರೀಖನ್ನೂ ನೋಡಬೇಕು. ಸಾಮಾನ್ಯವಾಗಿ ತಯಾರಾದ ದಿನದಿಂದ ಹತ್ತು ವರ್ಷ, ಅದು ದಾಟಿದ ಸಿಲಿಂಡರ್ ಎಷ್ಟು ಹೊಳೆಯುತ್ತಿದ್ದರೂ ತರಬಾರದು.

ಪೆಟ್ಟಿಗೆಯಲ್ಲಿ ಒಂದು ಸಣ್ಣ ಡಬ್ಬಿ ಇರಲಿ: ಉಂಗುರಗಳ ಒಂದು ಜೊತೆ, ಅಲನ್ ಕೀಗಳು, ಎಲೆಕ್ಟ್ರಾನಿಕ್ ಟ್ರಿಗರ್ ಆದರೆ ಹೊಸ ಬ್ಯಾಟರಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟು, ರಿಪೇರಿಗೇ ನಿಮಿಷಗಟ್ಟಲೆ ಹೋಗಿ, 575 ಅಂಕಕ್ಕೆ ಫೈನಲ್ ಕೈತಪ್ಪಿತು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಅದೇ 10 ಮೀಟರಿನಲ್ಲಿ ಅವರಿಗೆ ಎರಡು ಕಂಚು ಬಂದವು.

ಫಿಲ್ಟರಿನ ಜೆಲ್ ಕಿತ್ತಳೆಯಿಂದ ಹಸಿರಿಗೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದು ಅರ್ಥ. ಅಡುಗೆಗೆ ಬಳಸದ ಒಂದು ಹಳೇ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕಿಟಕಿ ತೆರೆದು, ಬಣ್ಣ ಮರಳುವವರೆಗೆ ಕೈಯಾಡಿಸಿ, ಪೂರ್ತಿ ಆರುವ ಮೊದಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಡಬೇಕು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ಅದರ ಬಣ್ಣ ನೋಡುತ್ತಿರಬೇಕು.